ಮಾನ್ಯ ಪೈಥಾನ್ 2.7 ಅವರಿಗೆ ಅಭಿನಂದನೆ

ವೇದಿಕೆಯಲ್ಲಿ ಆಸೀನರಾಗಿರುವ ಪೈಥಾನ್ 3.8, 3.10, 3.12ರವರೇ, ಕುರ್ಚಿ ಸಾಲದೆ ಹಿಂದೆ ನಿಂತಿರುವ ವರ್ಚುವಲ್ ಎನ್ವಿರಾನ್‌ಮೆಂಟುಗಳೇ, ಬಿಲ್ಡ್ ಮುಗಿದರೆ ಮನೆಗೆ ಹೋಗೋಣವೆಂದು ಕಾದಿರುವ ಬಂಧುಗಳೇ,

ಇಂದಿನ ಸನ್ಮಾನಿತರು 2010ರ ಜುಲೈನಲ್ಲಿ ಸೇವೆಗೆ ಸೇರಿದವರು. 3.0 ಎಂಬ ಉತ್ತರಾಧಿಕಾರಿ 2008ರಲ್ಲೇ ಬಂದಾಗಿತ್ತು. ವಾರಸುದಾರ ಹುಟ್ಟಿದ ಮೇಲೆ ಪಟ್ಟಕ್ಕೇರಿದ ಹಿರಿಯರು ಇವರು! 2015ಕ್ಕೆ ನಿವೃತ್ತಿ ಎಂದಿದ್ದದ್ದು, ಎಕ್ಸ್‌ಟೆನ್ಷನ್ ಸಿಕ್ಕಿ, 2020ರ ಜನವರಿ 1ಕ್ಕೆ ಹೋಯಿತು. ಆಮೇಲೂ ಏಪ್ರಿಲ್‌ನಲ್ಲಿ 2.7.18 ಎಂಬ ಕೊನೆಯ ಫೈಲಿಗೆ ಸಹಿ ಹಾಕಿದರು. ಕ್ವಾರ್ಟರ್ಸ್ ಮಾತ್ರ ಅನೇಕ ಕಡೆ ಇನ್ನೂ ಖಾಲಿಯಾಗಿಲ್ಲ.

ಮೂರನ್ನು ಎರಡರಿಂದ ಭಾಗಿಸಿ ಎಂದರೆ ಇವರು 'ಒಂದು' ಎಂದು ಸುಮ್ಮನಾಗುವರು. ಉಳಿದರ್ಧವನ್ನು ಆಡಿಟ್‌ನವರೂ ಕೇಳಲಿಲ್ಲ. ಒಂದೂವರೆ ಎಂದು ಬಾಯಿಬಿಟ್ಟದ್ದು 3.0.

ಇವರ ಪ್ರಭಾವ ತಿಳಿಯಬೇಕಾದರೆ ಸೆಂಟ್‌ಓಎಸ್ 7ಕ್ಕೆ ಬನ್ನಿ. ಎಷ್ಟೋ ಉತ್ಸಾಹಿ ತರುಣರು ಅಲ್ಲಿ ಪೈಥಾನ್ ಎಂಬ ಲಿಂಕನ್ನು ಎತ್ತಿ 3ರ ಕಡೆಗೆ ತಿರುಗಿಸಿದರು. ಪ್ಯಾಕೇಜ್ ತಂದುಕೊಡುವ ಯಮ್, 2.7ರವರ ಭಾಷೆಯಲ್ಲೇ ಬರೆದದ್ದು. ಅದರ 30ನೇ ಸಾಲಿನ ಒಂದು ಅಲ್ಪವಿರಾಮ ಹೊಸಬರಿಗೆ ಜೀರ್ಣವಾಗದೆ 'ಸಿಂಟ್ಯಾಕ್ಸ್ ಎರರ್' ಎಂದು ಯಮ್ ಮಲಗಿತು. ಸರಿಪಡಿಸಲು ಪ್ಯಾಕೇಜ್ ತರೋಣವೆಂದರೆ, ತರಬೇಕಾದದ್ದೂ ಅದೇ ಯಮ್!

ಜಾವಾಸ್ಕ್ರಿಪ್ಟ್‌ನವರಿಗೆ ಇವರ ಸಂಬಂಧವೇನು ಎನ್ನಬೇಡಿ. ಎನ್‌ಪಿಎಂ ಇನ್‌ಸ್ಟಾಲ್ ಒತ್ತಿದರೆ, ಸಿ ಪ್ಲಸ್ ಪ್ಲಸ್ ಮಾಡ್ಯೂಲ್ ಕಟ್ಟುವ ನೋಡ್-ಜಿಪ್ ವರ್ಷಗಟ್ಟಲೆ '2.7ರವರು ಇದ್ದಾರಾ?' ಎಂದೇ ಕೇಳುತ್ತಿತ್ತು. ಕೊನೆಗೂ 3ಕ್ಕೆ ಒಗ್ಗಿಕೊಂಡಿತು. ಅಷ್ಟರಲ್ಲಿ, ಇಗೋ ಇಲ್ಲಿ ಮುಗುಳ್ನಗುತ್ತಿರುವ 3.12ರವರು 2023ರಲ್ಲಿ ಡಿಸ್ಟ್‌ಯುಟಿಲ್ಸ್ ಎಂಬ ಲೈಬ್ರರಿಯನ್ನೇ ಕಿತ್ತುಹಾಕಿದರು. ಹಳೆಯ ನೋಡ್-ಜಿಪ್ ಮತ್ತೆ ಕೆಳಗೆ ಬಿತ್ತು. ತಂಟೆ ಮಾಡಲು ಮುದುಕರೇ ಆಗಬೇಕೆಂದಿಲ್ಲ.

ನನ್ನ ಮಟ್ಟಿಗೆ, ಒಂದೇ ಯಂತ್ರದಲ್ಲಿ ನಾಲ್ವರಿರುವುದು ತಪ್ಪಲ್ಲ. ತಪ್ಪು ನಮ್ಮದು: ನಾವು ಬರೀ 'ಪೈಥಾನ್' ಎಂದು ಕೂಗುತ್ತೇವೆ. ಶೆಲ್, ಪಾಥ್ ಎಂಬ ಪಟ್ಟಿಯನ್ನು ಎಡದಿಂದ ಓದುತ್ತಾ ಮೊದಲು ಸಿಕ್ಕವರನ್ನು ಎಳೆದು ತರುತ್ತದೆ. ಅರ್ಹತೆಯಲ್ಲ, ಕುಳಿತ ಜಾಗ ಮುಖ್ಯ. (ಈ ವೇದಿಕೆಯ ಬಗ್ಗೆ ಹೇಳಿದ್ದಲ್ಲ.)

ಕಾರ್ಯದರ್ಶಿಗಳೇ, ಪೇಟ, ಶಾಲು, ಹಾರ ತನ್ನಿ. ಕರೆಯುವಾಗ ಮಾತ್ರ ಪೂರ್ತಿ ಹೆಸರು ಹೇಳಿ: ಪೈಥಾನ್ 2.7. ಮೊಟಕು ಮಾಡಿದರೆ ಬೇರೆ ಯಾರೋ ಎದ್ದು ಬರುತ್ತಾರೆ. ಉಬುಂಟು 20.04ರ ಸಭೆಯಾಗಿದ್ದರೆ ಯಾರೂ ಏಳುವುದಿಲ್ಲ. 'ಕಮಾಂಡ್ ನಾಟ್ ಫೌಂಡ್' ಎಂದು ಮೈಕಿನವನೇ ಉತ್ತರ ಕೊಡುತ್ತಾನೆ.