ಸರ್ವರ್ ಜ್ವರ ಮೀಮಾಂಸೆ

ಕಣ್ಣಿಗೆ ಕಾಣದ ಊರಿನಲ್ಲಿ, ಕೈಗೆ ಸಿಗದ ಯಂತ್ರದೊಳಗೆ ಆಪರೇಟಿಂಗ್ ಸಿಸ್ಟಂ (ಓಎಸ್) ಹಾಕುವ ವಿದ್ಯೆಯನ್ನು ಪ್ರಾಚೀನರು ಅರವತ್ತನಾಲ್ಕು ಕಲೆಗಳಲ್ಲಿ ಸೇರಿಸಲಿಲ್ಲ. ಪರಕಾಯ ಪ್ರವೇಶ ಬಲ್ಲವರು ಇದನ್ನು ಮರೆತು ಬಿಟ್ಟಿರಲಾರರು. ಪರಕಾಯದಿಂದಾದರೆ ಹೊರಬರುವ ದಾರಿಯಾದರೂ ಇತ್ತು, ಇಲ್ಲಿ ಅದೂ ಇಲ್ಲ ಎಂದು ಕೈಬಿಟ್ಟಿರಬೇಕು. ಈ ಕೊರತೆ ತುಂಬಲು ಹೊರಟ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಒಂದೇ: ದೂರದ ಸರ್ವರ್‌ಗೆ ಓಎಸ್ ಏರದೆ ಹೋದರೆ ಹೆಚ್ಚಿನ ಸಲ ತಪ್ಪು ಯಂತ್ರದ್ದಲ್ಲ, ಜ್ವರಕ್ಕೆ ಕೂತ ಯಂತ್ರವನ್ನು ಸತ್ತಿತೆಂದು ಬಗೆದು ಎಬ್ಬಿಸಲು ಹೋಗುವ ಕೈಯದ್ದು. ಇದಕ್ಕೆ ಬೇಕಾದ ಹೇತು, ದೃಷ್ಟಾಂತಗಳೆಲ್ಲ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಎಲ್ಲೆಯೊಳಗೇ ಸಿಗುತ್ತವೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದಾಗ ಅದರ ಪಾಲಿಗೆ ಈ ಶಾಸ್ತ್ರವೂ ಬಂತು. ಬಾಗೇಪಲ್ಲಿ, ಗುಡಿಬಂಡೆಯವರು ಮುನಿಯಬಾರದು. ಅವರಿಗೆ ಎರಡನೇ ಸಂಪುಟವಿದೆ.

ವ್ಯುತ್ಪತ್ತಿಯಿಂದ ಆರಂಭಿಸುವುದು ಸಂಪ್ರದಾಯ. ಚಿಂತಾಮಣಿ ಎಂದರೆ ಬಯಸಿದ್ದು ಕೊಡುವ ರತ್ನ ಎನ್ನುತ್ತದೆ ನಿಘಂಟು. ಚಿಂತಾಮಣಿ ರಾವ್ ಎಂಬ ಮರಾಠ ಸರದಾರನಿಂದ ಹೆಸರು ಬಂತು ಎನ್ನುತ್ತಾರೆ ಊರಿನವರು. ಇಬ್ಬರೂ ಒಂದು ದೀರ್ಘವನ್ನು ಕಳೆದುಕೊಂಡಿದ್ದಾರೆ. ಹೋಟೆಲಿನಲ್ಲಿ ಇಡ್ಲಿ ತಂದಿಡುವವನು ಮಾಣಿ, ಮಾಣಿಯೆಂದರೆ ಇಂಗ್ಲಿಷಿನಲ್ಲಿ ಸರ್ವರ್, ಆದಕಾರಣ ಚಿಂತಾ-ಮಾಣಿ ಎಂದರೆ ಚಿಂತೆ ಬಡಿಸುವ ಸರ್ವರ್. ಬಳ್ಳ ಎಂಬುದು ಧಾನ್ಯ ಅಳೆಯುವ ಅಳತೆ. ಅದರ ಮುಂದೆ ಚಿಕ್ಕ ಸೇರಿದರೆ ಬ್ಯಾಂಡ್‌ವಿಡ್ತ್ ಎಂದಲ್ಲದೆ ಬೇರೇನು ಅರ್ಥ? ಶಿಡ್ಲಘಟ್ಟದಲ್ಲಿ ಸಿಡಿಲಿದೆ, ಆದ್ದರಿಂದ ಯುಪಿಎಸ್ ಇರಲೇಬೇಕು. ಗೌರಿಬಿದನೂರು ಮಾತ್ರ ಎಷ್ಟು ಎಳೆದರೂ ಒಗ್ಗಲಿಲ್ಲ. ಪ್ರಾಮಾಣಿಕ ಸಂಶೋಧಕ ಇದನ್ನು ಮುಚ್ಚಿಡಬಾರದು.

ಇನ್ನು ಪ್ರಮಾಣ ವಿಚಾರ. ದೂರದ ಸರ್ವರ್ ವಿಷಯದಲ್ಲಿ ಪ್ರತ್ಯಕ್ಷಕ್ಕೆ ಎಡೆಯಿಲ್ಲ, ಎಲ್ಲವೂ ಅನುಮಾನ. ತರ್ಕಶಾಸ್ತ್ರದ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತು: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ. ಈ ನ್ಯಾಯವನ್ನು ನಂದಿಬೆಟ್ಟಕ್ಕೆ ಹಚ್ಚಿದರೆ ಪ್ರತಿ ಭಾನುವಾರ ಬೆಳಿಗ್ಗೆ ಅಗ್ನಿಶಾಮಕ ದಳವನ್ನು ಕರೆಸಬೇಕಾಗುತ್ತದೆ. ಅಲ್ಲಿ ಹೊಗೆಯಂತೆ ಕಾಣುವುದು ಮಂಜು. ಅದನ್ನು ನೋಡಲೆಂದೇ ಬೆಂಗಳೂರಿನವರು ನಾಲ್ಕು ಗಂಟೆಗೆ ಎದ್ದು ಬಂದು ಗಾಡಿಗಳ ಸಾಲಿನಲ್ಲಿ ನಿಲ್ಲುತ್ತಾರೆ. ಇದ್ದೀಯಾ ಎಂದು ದೂರದ ಯಂತ್ರವನ್ನು ಕೂಗಿ ಕೇಳುವ ಪಿಂಗ್ ಎಂಬುದೂ ಇಂಥದೇ ಹೊಗೆ. ಉತ್ತರ ಬಂತು, ಆದ್ದರಿಂದ ಸರ್ವರ್ ಎದ್ದಿದೆ ಎಂದು ಹಿಗ್ಗುವವನಿಗೆ, ಅದೇ ಐಪಿ ವಿಳಾಸವನ್ನು ಇನ್ನೊಂದು ಯಂತ್ರ ಹಾಕಿಕೊಂಡು ಕೂತಿರಬಹುದೆಂಬುದು ಹೊಳೆಯುವುದಿಲ್ಲ. ಉತ್ತರ ಬರಲಿಲ್ಲ, ಆದ್ದರಿಂದ ಸತ್ತಿದೆ ಎನ್ನುವವನು ಇನ್ನೂ ಅವಸರದವನು. ಓಎಸ್ ಸರಿಯಾಗಿ ಏರಿಯೂ ಫೈರ್‌ವಾಲ್ ಪಿಂಗ್ ತಡೆದಿರಬಹುದು. ಹಳೆಯ ಓಎಸ್‌ನಲ್ಲಿ ಇಟಿಎಚ್‌0 ಎಂದಿದ್ದ ಪೋರ್ಟು ಹೊಸದರಲ್ಲಿ ಇಎನ್‌ಓ1 ಎಂದು ಹೆಸರು ಬದಲಿಸಿಕೊಂಡು, ಹಳೆಯ ಹೆಸರಿಗೆ ಬರೆದ ವಿಳಾಸ ಅನಾಥವಾಗಿರಬಹುದು. ಮದುವೆಯಾದ ಮೇಲೆ ಹೆಸರು ಬದಲಾಯಿಸಿದ ಹೆಣ್ಣುಮಗಳಿಗೆ ತವರಿನ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿ, ಆಳು ಇಲ್ಲ ಎಂದು ಷರಾ ಬರೆಸಿಕೊಂಡಂತೆ.

ಹಾಗಾದರೆ ತಿಳಿಯುವ ದಾರಿ ಏನು? ಈ ಬಯಲುಸೀಮೆಯ ರೈತ ಇದಕ್ಕೆ ಉತ್ತರವನ್ನು ಕೊಳವೆಬಾವಿಯ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ನಡುರಾತ್ರಿ ತ್ರೀ ಫೇಸ್ ಕರೆಂಟು ಬಂದರೆ ಹೊಲಕ್ಕೆ ಓಡುವ ಬದಲು ಮಲಗಿದಲ್ಲಿಂದಲೇ ಮೊಬೈಲ್ ಸ್ಟಾರ್ಟರ್‌ಗೆ ಫೋನು ಮಾಡುತ್ತಾನೆ. ಸ್ಟಾರ್ಟರ್‌ಗೆ ತನ್ನದೇ ಸಿಮ್ಮು, ತನ್ನದೇ ಪುಟ್ಟ ಬುದ್ಧಿ. ಮೋಟಾರು ನಿಂತಿದ್ದರೂ ಅದು ಎಚ್ಚರ. ಒಂದು ಫೇಸ್ ಹೋಗಿದ್ದರೆ ಹೇಳುತ್ತದೆ, ಬಾವಿಯಲ್ಲಿ ನೀರಿಲ್ಲದೆ ಮೋಟಾರು ಬರಿದೇ ತಿರುಗುತ್ತಿದ್ದರೆ ಆರಿಸುತ್ತದೆ. ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪನಿಗಳು ಸೇರಿ 1998ರಲ್ಲಿ ಐಪಿಎಂಐ ಎಂಬ ಹೆಸರಿನಲ್ಲಿ ಪ್ರಕಟಿಸಿದ ವ್ಯವಸ್ಥೆಯ ಸಾರ ಇಷ್ಟೇ: ಸರ್ವರ್ ಒಳಗೆ ಇನ್ನೊಂದು ಚಿಕ್ಕ ಕಂಪ್ಯೂಟರು, ಅದಕ್ಕೆ ಬೇರೆ ವಿಳಾಸ, ದೊಡ್ಡದು ಆರಿದ್ದರೂ ಉಳಿಯುವ ಒಂದಿಷ್ಟು ಕರೆಂಟು. ಡೆಲ್‌ನವರು ಅದಕ್ಕೆ ಐಡ್ರ್ಯಾಕ್ ಎನ್ನುತ್ತಾರೆ, ಎಚ್‌ಪಿಯವರು ಐಎಲ್‌ಓ ಎನ್ನುತ್ತಾರೆ. ನಮ್ಮಲ್ಲಿ ಸ್ಟಾರ್ಟರ್ ಎಂದರೆ ಸಾಕು. ರೈತ ತಪ್ಪದ ಒಂದು ಕಡೆ ಎಂಜಿನಿಯರ್ ತಪ್ಪುತ್ತಾನೆ. ಮೋಟಾರು ಆನ್ ಆಗಿದೆ ಎಂದ ಮಾತ್ರಕ್ಕೆ ಪೈಪಿನಲ್ಲಿ ನೀರು ಬಂತೆಂದು ರೈತ ನಂಬುವುದಿಲ್ಲ. ಸಾವಿರ ಅಡಿ ಕೊರೆಸಿ ಧೂಳು ಕಂಡವನು ಅವನು. ಪವರ್ ಆನ್ ಎಂಬ ಹಸಿರು ಚುಕ್ಕೆ ಕಂಡ ಎಂಜಿನಿಯರ್ ಮಾತ್ರ ಓಎಸ್ ಬಂದೇಬಿಟ್ಟಿತೆಂದು ಕಾಫಿಗೆ ಹೋಗುತ್ತಾನೆ.

ಈಗ ಪ್ರಬಂಧದ ತಿರುಳಿಗೆ ಬರೋಣ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಮೊಟ್ಟೆಯಿಂದ ಗೂಡಿನವರೆಗೆ ನಾಲ್ಕು ಜ್ವರ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ತಿನ್ನುವುದಿಲ್ಲ, ಅಲುಗಾಡುವುದಿಲ್ಲ, ತಲೆಯೆತ್ತಿಕೊಂಡು ಕಲ್ಲಿನಂತೆ ಇರುತ್ತದೆ; ಇದು ಒಂದು ದಿನದ ಹತ್ತಿರ ಹತ್ತಿರ ನಡೆಯುತ್ತದೆ. ಗೊತ್ತಿಲ್ಲದವನು ನೋಡಿದರೆ ತಟ್ಟೆಗೆ ತಟ್ಟೆಯೇ ಹೋಯಿತೆಂದು ಎದೆ ಬಡಿದುಕೊಳ್ಳಬೇಕು. ಗೊತ್ತಿರುವ ಹೆಂಗಸು ಆ ಹೊತ್ತಿಗೆ ಮಾಡುವ ಕೆಲಸ ಎರಡೇ: ಹಾಸಿಗೆ ಒಣಗಲೆಂದು ತೆಳ್ಳಗೆ ಸುಣ್ಣದ ಪುಡಿ ಎರಚುವುದು, ಹುಳುಮನೆಯ ಬಾಗಿಲು ಎಳೆದುಕೊಂಡು ಈಚೆ ಬರುವುದು. ಮಕ್ಕಳು ಒಳಗೆ ಇಣುಕಿದರೆ ಬೈಗುಳ. ಹುಳುಗಳೆಲ್ಲ ಎದ್ದವೆಂದು ಖಾತ್ರಿಯಾದ ಮೇಲೇ ಸೊಪ್ಪು. ಅರ್ಧ ಎದ್ದಾಗ ಹಾಕಿದರೆ ಮುಂದೆ ಒಂದು ಹಣ್ಣಾಗುವಾಗ ಇನ್ನೊಂದು ಹಸಿ.

ಸರ್ವರ್‌ನ ಜ್ವರವೂ ಹೀಗೆಯೇ. ನೂರಾರು ಜಿಬಿ ಮೆಮೊರಿಯಿರುವ ಯಂತ್ರ ಆನ್ ಆದ ಮೇಲೆ ಆ ಮೆಮೊರಿಯನ್ನೆಲ್ಲ ಪಳಗಿಸಿಕೊಳ್ಳಲು ಕೆಲವು ನಿಮಿಷ ಪರದೆಯ ಮೇಲೆ ಏನನ್ನೂ ತೋರಿಸದೆ ಕೂರುತ್ತದೆ. ಇದು ಮೊದಲ ಜ್ವರ. ಎರಡನೆಯದು ನೆಟ್‌ವರ್ಕಿನಿಂದ ಬೂಟ್ ಆಗುವಾಗ. ಯಂತ್ರ ತನಗೊಂದು ವಿಳಾಸ ಕೊಡಿ ಎಂದು ಕೂಗುತ್ತದೆ. ಚಿಂತಾಮಣಿಯ ಟೊಮೆಟೊ ಮಂಡಿಯ ಹರಾಜಿನ ಕೂಗು ಪಕ್ಕದ ಬೀದಿಗೆ ದಾಟದಂತೆ ಈ ಕೂಗೂ ರೂಟರ್ ದಾಟುವುದಿಲ್ಲ, ದಾಟಿಸಲು ನಡುವೆ ಒಬ್ಬ ದಲ್ಲಾಳಿಯನ್ನು ನೇಮಿಸಿರಬೇಕು. ಆಮೇಲೆ ಟಿಎಫ್‌ಟಿಪಿ ಎಂಬ ಹಮಾಲಿ 512 ಬೈಟಿನ ಒಂದು ಬಾಕ್ಸ್ ಇಳಿಸಿ, ಸಹಿ ಹಾಕಿಸಿಕೊಂಡು, ಆಮೇಲೆ ಇನ್ನೊಂದಕ್ಕೆ ಹೋಗುತ್ತಾನೆ. ಮೂರನೆಯದು ವರ್ಚುವಲ್ ಸಿಡಿಯ ಜ್ವರ: ಮನೆಯ ಲ್ಯಾಪ್‌ಟಾಪಿನಲ್ಲಿರುವ ಹಲವು ಜಿಬಿಯ ಐಎಸ್‌ಓ ಕಡತವನ್ನು ಬೆಂಗಳೂರಿನಲ್ಲಿ ಕೂತ ಸರ್ವರ್ ಊರಿನ ಬ್ರಾಡ್‌ಬ್ಯಾಂಡ್ ಮೂಲಕ ಚೂರು ಚೂರೇ ಓದುತ್ತದೆ. ಚಿಕ್ಕ ಬಳ್ಳದಲ್ಲಿ ಕಣಜ ಅಳೆದಂತೆ. ಕಡತವನ್ನು ಮೊದಲೇ ಸರ್ವರ್ ಪಕ್ಕದ ಇನ್ನೊಂದು ಯಂತ್ರದಲ್ಲಿ ಇಟ್ಟಿದ್ದರೆ ಈ ಜ್ವರ ಬೇಗ ಇಳಿಯುತ್ತದೆ, ಆದರೆ ಇದು ನೆನಪಾಗುವುದು ಶೇ. 90 ಮುಗಿದ ಮೇಲೆ. ನಾಲ್ಕನೆಯದು ಎಲ್ಲಕ್ಕಿಂತ ಕಠಿಣ, ನಾಲ್ಕನೇ ಜ್ವರ ಹುಳುವಿಗೂ ಹಾಗೆಯೇ: ಇನ್‌ಸ್ಟಾಲರ್ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಆದರೆ ತನ್ನ ಮಾತನ್ನು ಒಂದು ಸೀರಿಯಲ್ ಪೋರ್ಟಿಗೆ ಹೇಳುತ್ತದೆ, ಎಂಜಿನಿಯರ್ ಕಿವಿಯಿಟ್ಟಿರುವುದು ಇನ್ನೊಂದಕ್ಕೆ. ಅವನಿಗೆ ಕಾಣುವುದು ಕಪ್ಪು ಪರದೆ. ವೇಗ ಹೊಂದದಿದ್ದರೆ ಅರ್ಥವಿಲ್ಲದ ಅಕ್ಷರಗಳು. ಒಬ್ಬರು ಕನ್ನಡದಲ್ಲಿ ಕೇಳಿ ಇನ್ನೊಬ್ಬರು ತೆಲುಗಿನಲ್ಲಿ ಉತ್ತರಿಸಿ ವ್ಯಾಪಾರ ಕುದುರಿಸುವ ಈ ತಾಲ್ಲೂಕುಗಳ ಜಾಣ್ಮೆ ಸೀರಿಯಲ್ ಪೋರ್ಟಿಗೆ ಬಂದಿಲ್ಲ. ಈ ನಾಲ್ಕರಲ್ಲಿ ಯಾವುದರ ನಡುವೆ ರೀಸೆಟ್ ಒತ್ತಿದರೂ ಮೊದಲ ಜ್ವರದಿಂದ ಶುರು. ಫರ್ಮ್‌ವೇರ್ ಬರೆಯುತ್ತಿರುವಾಗ ಒತ್ತಿದರೆ ಶುರುವೂ ಇಲ್ಲ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ. ಹುಳು ಸಾಕುವವರ ಮಾತು ಕಂಪ್ಯೂಟರಿಗೆ ಹೇಗೆ ಪ್ರಮಾಣವಾದೀತು? ಕುಲ ನೋಡಿದರೆ ತಿಳಿಯುತ್ತದೆ. ಲಿಯಾನ್‌ನ ರೇಷ್ಮೆ ನೇಕಾರ ಜಕಾರ್ಡ್ 1804ರಲ್ಲಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ವಿನ್ಯಾಸ ಹೇಳಿಕೊಟ್ಟ. ಅದೇ ರಟ್ಟುಗಳನ್ನು ಲೆಕ್ಕದ ಯಂತ್ರಕ್ಕೆ ಉಣಿಸಲು ಬ್ಯಾಬೇಜ್ ಹವಣಿಸಿದ, ಸಾವಿರಾರು ರಟ್ಟು ಬಳಸಿ ರೇಷ್ಮೆಯಲ್ಲಿ ನೇಯ್ದ ಜಕಾರ್ಡ್‌ನ ಚಿತ್ರವನ್ನೂ ಮನೆಯಲ್ಲಿಟ್ಟುಕೊಂಡಿದ್ದ. ಕಂಪ್ಯೂಟರು ರೇಷ್ಮೆಯ ಮೊಮ್ಮಗಳು. ಮೊಮ್ಮಗಳ ಕಾಯಿಲೆಗೆ ಅಜ್ಜಿಮನೆಯ ಮದ್ದು ಕೇಳಿದರೆ ತಪ್ಪೇನು?

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ನಿಜವಾಗಿಯೂ ಸತ್ತ ಯಂತ್ರದ ಮುಂದೆ ಜ್ವರ ಜ್ವರ ಎಂದು ಕಾಯುತ್ತ ಕೂತರೆ? ಒಪ್ಪಬೇಕಾದ ಮಾತು. ಕಾಯುವುದನ್ನು ಈ ಪ್ರಬಂಧ ಹೇಳುತ್ತಿಲ್ಲ, ನೋಡುವುದನ್ನು ಹೇಳುತ್ತಿದೆ. ಜ್ವರಕ್ಕೆ ಕೂತ ಹುಳುವನ್ನೂ ಸುಣ್ಣಕಟ್ಟು ತಗುಲಿ ಬೆಳ್ಳಗೆ ಸೆಟೆದ ಹುಳುವನ್ನೂ ಸಾಕುವವರು ಬೆರೆಸುವುದಿಲ್ಲ. ಹಾಲುತೊಂಡೆ ಬಂದ ಹುಳು ಮೈ ಊದಿಸಿಕೊಂಡು, ಜ್ವರಕ್ಕೂ ಕೂರದೆ, ತಟ್ಟೆಯ ಅಂಚಿನಲ್ಲೇ ಸುತ್ತು ಹೊಡೆಯುತ್ತದೆ. ಸರ್ವರ್‌ಗೂ ಹಾಲುತೊಂಡೆ ಉಂಟು: ಓಎಸ್ ಏರಿ ಮುಗಿದರೂ ಬೂಟ್ ಸರದಿಯಲ್ಲಿ ವರ್ಚುವಲ್ ಸಿಡಿಯೇ ಮೊದಲಿದ್ದರೆ ಮತ್ತೆ ಇನ್‌ಸ್ಟಾಲರ್, ಮತ್ತೆ ಭಾಷೆ ಆರಿಸಿ ಎಂಬ ಪ್ರಶ್ನೆ, ಬೆಳಗಿನ ತನಕ ಅದೇ ಸುತ್ತು. ಡಿಸ್ಕುಗಳೇ ಕಾಣದಿದ್ದರೆ ರೇಡ್ ಕಂಟ್ರೋಲರಿನಲ್ಲಿ ಅವನ್ನು ಕೂಡಿಸದೆ ಬಿಟ್ಟಿರಬಹುದು. ಡಿಸ್ಕಿನ ಬರಹ ಯುಇಎಫ್‌ಐ ಕ್ರಮದ್ದಾಗಿ, ಯಂತ್ರ ಹಳೆಯ ಬಯಾಸ್ ಕ್ರಮದಲ್ಲಿ ಎದ್ದರೆ ಮನೆಗೆ ಬಂದರೂ ಬಾಗಿಲು ಸಿಗುವುದಿಲ್ಲ. ಗಡಿಯಾರದ ಬ್ಯಾಟರಿ ಸತ್ತು ಇಸವಿ 1970ಕ್ಕೆ ಹೋಗಿದ್ದರೆ, ಇನ್ನೂ ಹುಟ್ಟದ ಪ್ರಮಾಣಪತ್ರ ತಂದಿದ್ದೀರಿ ಎಂದು ಯಂತ್ರವೇ ಸಾಫ್ಟ್‌ವೇರ್ ಭಂಡಾರವನ್ನು ಹಿಂದಕ್ಕೆ ಕಳಿಸುತ್ತದೆ. ಕಚೇರಿ ಅಲೆದವರಿಗೆ ಇದು ಹೊಸದೇನಲ್ಲ. ಇವೆಲ್ಲ ನಿಜವಾದ ರೋಗಗಳೇ. ಆದರೆ ಇವುಗಳಲ್ಲಿ ಒಂದೂ ರೀಸೆಟ್ಟಿನಿಂದ ವಾಸಿಯಾಗುವುದಿಲ್ಲ, ಅಷ್ಟರಮಟ್ಟಿಗೆ ನಮ್ಮ ಪ್ರತಿಜ್ಞೆ ನಿಂತಿತು.

ನೋಡುವ ಬಗೆಯನ್ನು ಗೌರಿಬಿದನೂರಿನಿಂದ ಕಲಿಯಬೇಕು; ವ್ಯುತ್ಪತ್ತಿಯಲ್ಲಿ ಕೈಕೊಟ್ಟ ಊರು ಇಲ್ಲಿ ಕೈಹಿಡಿಯುತ್ತದೆ. ಅಲ್ಲಿ 1965ರಿಂದ ಎಲ್ ಅಕ್ಷರದ ಆಕಾರದಲ್ಲಿ ಹೂತಿಟ್ಟ ಭೂಕಂಪ ಮಾಪಕಗಳು ದೇಶಾಂತರದಲ್ಲಿ ನೆಲದಡಿ ಸಿಡಿಸಿದ ಅಣುಬಾಂಬನ್ನು ಇಲ್ಲಿಂದಲೇ ಗುರುತಿಸಲೆಂದು ಕಿವಿ ನೆಟ್ಟಿವೆ. ಒಂದು ಮಾಪಕದ ಮಾತನ್ನು ನಂಬದೆ, ಹಲವಕ್ಕೆ ಅದುರು ಮುಟ್ಟಿದ ಹೊತ್ತಿನ ವ್ಯತ್ಯಾಸ ನೋಡುವುದು ಅವುಗಳ ಕ್ರಮ. 1976ರಲ್ಲಿ ಶುರುವಾದ ಅಲ್ಲಿನ ರೇಡಿಯೋ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಸೂರ್ಯನ ಗೊಣಗಾಟವನ್ನು ಹದಿನೈದು ಕೋಟಿ ಕಿಲೋಮೀಟರ್ ಆಚೆಯಿಂದ ಕೇಳಿದ್ದುಂಟು. ಇಂಥ ತಾಲ್ಲೂಕಿನ ಎಂಜಿನಿಯರ್ ಕಪ್ಪು ಪರದೆಯೊಂದನ್ನೇ ನೆಚ್ಚಿ ತೀರ್ಪು ಕೊಡುವುದು ನೆಲಕ್ಕೆ ಅವಮಾನ. ಯಂತ್ರ ಎಷ್ಟು ವಾಟ್ ಎಳೆಯುತ್ತಿದೆ, ಸ್ವಿಚ್ಚಿನ ಪೋರ್ಟಿನಲ್ಲಿ ಲೆಕ್ಕ ಏರುತ್ತಿದೆಯೇ, ಒಳಗಿನ ಪುಟ್ಟ ಕಂಪ್ಯೂಟರಿನ ದಿನಚರಿಯಲ್ಲಿ ಕೊನೆಗೆ ಏನು ಬರೆದಿದೆ, ಈ ಮೂರನ್ನೂ ಕೂಡಿಸಿ ನೋಡಿದರೆ ಉಸಿರಿದೆಯೋ ಇಲ್ಲವೋ ತಿಳಿಯುತ್ತದೆ. ಅದೇ 1976ರಲ್ಲಿ, ಅದೇ ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು. ಅವರ ಸಮಿತಿಯ ಮುಂದೆ ಬರದೆ ತಪ್ಪಿಸಿಕೊಂಡ ಪವಾಡ ಒಂದುಂಟು: ಎರಡು ಸಲ ರೀಸ್ಟಾರ್ಟ್ ಮಾಡಿದೆ, ಸರಿಹೋಯಿತು. ಐದು ಸೆಟ್ಟಿಂಗ್ ಒಟ್ಟಿಗೆ ಬದಲಿಸಿ ಸರಿಹೋಯಿತು ಎನ್ನುವವನಿಗೆ ಯಾವುದರಿಂದ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಅವನು ಕೊಡುವುದು ವಿಭೂತಿ, ವರದಿಯಲ್ಲ.

ಕೈಯೇ ರೋಗವಾದರೆ ಕೈಯನ್ನೇ ತೆಗೆದು ಎಲ್ಲವನ್ನೂ ಸ್ವಯಂಚಾಲಿತ ಮಾಡಿಬಿಡಿ ಎಂಬುದು ಮೂರನೆಯ ಆಕ್ಷೇಪ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1903ರಲ್ಲೇ ಖಡಕವಾಸ್ಲಾ ಜಲಾಶಯಕ್ಕೆ ತಾವೇ ತೆರೆದು ಮುಚ್ಚಿಕೊಳ್ಳುವ ಬಾಗಿಲು ಕೂರಿಸಲಿಲ್ಲವೇ? ಕೂರಿಸಿದರು, ಆದರೆ ಆ ಬಾಗಿಲು ನೀರಿನ ಮಟ್ಟ ಮುಟ್ಟಿದ ಮೇಲೆ ತೆರೆಯುತ್ತಿತ್ತು, ನೀರು ಮಾತಾಡಲಿಲ್ಲ ಎಂದು ತೆರೆಯುತ್ತಿರಲಿಲ್ಲ. ಸರ್ವರ್ ಒಳಗಿನ ವಾಚ್‌ಡಾಗ್ ಮಾಡುವುದು ಎರಡನೆಯದನ್ನು. ಹೊತ್ತುಹೊತ್ತಿಗೆ ಓಎಸ್ ಅದರ ತಲೆ ಸವರುತ್ತಿರಬೇಕು, ತಪ್ಪಿದರೆ ಯಂತ್ರವನ್ನೇ ರೀಸೆಟ್ ಮಾಡುತ್ತದೆ. ಹಳೆಯ ಓಎಸ್ ಹೋದ ಮೇಲೂ ನಾಯಿಯನ್ನು ಬಿಚ್ಚಿಟ್ಟಿದ್ದರೆ, ತಲೆ ಸವರಲು ಬಾರದ ಇನ್‌ಸ್ಟಾಲರನ್ನು ನಡುಹಾದಿಯಲ್ಲೇ ಕಚ್ಚುತ್ತದೆ. ಕೈ ತೆಗೆದಂತಾಗಲಿಲ್ಲ, ಅದೇ ಕೈಗೆ ಬಾಲ ಬಂತು.

ಉಳಿದದ್ದು ಒಂದು ಸಂದರ್ಭ, ಅದಕ್ಕೆ ಈ ಶಾಸ್ತ್ರದಲ್ಲಿ ಪರಿಹಾರವಿಲ್ಲ. ಸ್ಟಾರ್ಟರ್‌ನ ಸಿಮ್ಮಿನಲ್ಲೇ ಕರೆನ್ಸಿ ಮುಗಿದಂತೆ, ಒಳಗಿನ ಆ ಪುಟ್ಟ ಕಂಪ್ಯೂಟರೇ ಉತ್ತರಿಸದಿದ್ದರೆ ಯಾರಾದರೂ ಖುದ್ದಾಗಿ ಹೋಗಿ ವೈರು ಕಿತ್ತು ಹಾಕಬೇಕು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿ ಜ್ವರಕ್ಕೆ ಕೂರುವ ಹೊತ್ತನ್ನು ಇದರಲ್ಲಿ ಸೇರಿಸಿಲ್ಲ.