ಪಾರದರ್ಶಕ ಗ್ರಾಫುಗಳಲ್ಲಿ ನಾಮಲೇಖನ: ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನು ಅನುಲಕ್ಷಿಸಿ ಒಂದು ಶಾಸ್ತ್ರೀಯ ವಿವೇಚನೆ

ಅಂಕಿ-ಅಂಶಗಳನ್ನು ಗೆರೆ, ಕಂಬ ಅಥವಾ ಬಣ್ಣದ ಹರವಾಗಿ ಸ್ಲೈಡಿನಲ್ಲಿ ತೋರಿಸುವ ಗ್ರಾಫು ತನ್ನ ಹಿಂದಿರುವುದನ್ನು ಮರೆಮಾಡದಿದ್ದರೆ ಅದನ್ನು ಪಾರದರ್ಶಕವೆನ್ನಲಾಗುತ್ತದೆ. ಹಿಂದೆ ಗದ್ದೆಯ ಫೋಟೋ, ಮುಂದೆ ಅಧಿಕಾರಿ, ನಡುವೆ ಗ್ರಾಫು ಮಾತ್ರ ಯಾರಿಗೂ ಕಾಣದಿರುವ ಸ್ಥಿತಿಯನ್ನು ಪೂರ್ಣ ಪಾರದರ್ಶಕತೆಯೆಂದು ವ್ಯವಹರಿಸಬಹುದು. 1786ರಲ್ಲಿ ಗೆರೆಗ್ರಾಫುಗಳನ್ನು ಅಚ್ಚು ಹಾಕಿಸಿದ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್, ಆಮದು ಯಾವುದು ರಫ್ತು ಯಾವುದೆಂದು ಆಯಾ ಗೆರೆಯ ಗುಂಟವೇ ಬರೆದಿದ್ದನು. ಪ್ರೊಜೆಕ್ಟರ್ ಯುಗದ ಪಂಡಿತರು ಇದನ್ನು ಮರೆತಿರುವುದೇ ಪ್ರಸ್ತುತ ವಿವೇಚನೆಗೆ ಕಾರಣವಾಗಿದೆ.

ಸಿಂಧನೂರಿನಲ್ಲಿ ಈ ಸಮಸ್ಯೆಯು ನೀರಾವರಿಯ ರೂಪ ತಾಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ತಿಳಿನೀಲಿಯನ್ನೂ ಜೋಳದ ಕ್ಷೇತ್ರಕ್ಕೆ ತಿಳಿಹಳದಿಯನ್ನೂ ಕೊಟ್ಟು, ಎರಡನ್ನೂ ಅರೆಪಾರದರ್ಶಕಗೊಳಿಸಿ ಒಂದರ ಮೇಲೊಂದು ಹಾಸಿದಾಗ, ಅವು ಕೂಡಿದಲ್ಲಿ ಹಸಿರು ಛಾಯೆಯೊಂದು ತಾನಾಗಿ ಹುಟ್ಟುತ್ತದೆ. ಹೆಸರಿಲ್ಲದ ಆ ಹಸಿರನ್ನು ಈ ಸೀಮೆಯ ಸಭಿಕರು ಭತ್ತವೆಂದಲ್ಲದೆ ಬೇರೆ ರೀತಿಯಲ್ಲಿ ಓದಲಾರರು. ಬಹುಪಾಲು ಅರೆ ನೀರಾವರಿ ಬೆಳೆಗಳಿಗೆಂದು ಯೋಜಿಸಲಾದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿ, ಕೊನೆಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ರಸ್ತೆಗಿಳಿಯುವುದು ದಶಕಗಳ ಕಥೆಯಾಗಿರುವಾಗ, ಗ್ರಾಫೇ ಬೆಳೆ ಪದ್ಧತಿಯನ್ನು ಉಲ್ಲಂಘಿಸಿ ಪರದೆಯ ಮೇಲೆ ಅನಧಿಕೃತ ಭತ್ತ ಬೆಳೆಯುವುದು ಸಣ್ಣ ಅಪರಾಧವೇನಲ್ಲ. ದಂಡ ಯಾರಿಗೆ ವಿಧಿಸಬೇಕೆಂಬ ಬಗ್ಗೆ ನೀರಾವರಿ ಶಾಸ್ತ್ರವೂ ಮೌನವಾಗಿದೆ, ವರ್ಣಶಾಸ್ತ್ರವೂ ಮೌನವಾಗಿದೆ. ಆದಕಾರಣ ಪ್ರತಿ ಹರವಿನೊಳಗೆ ಅದರ ಹೆಸರನ್ನೂ, ಕೂಡುಭಾಗದಲ್ಲಿ ‘ಇದು ಬೆಳೆಯಲ್ಲ’ ಎಂಬ ಟಿಪ್ಪಣಿಯನ್ನೂ ಬರೆಯುವುದು ಕ್ಷೇಮಕರ.

ಬರೆದ ಅಕ್ಷರ ಉಳಿಯುವುದೇ ಎಂಬುದು ಮುಂದಿನ ಪ್ರಶ್ನೆ. ಗ್ರಾಫನ್ನು ಅಕ್ಷರಸಮೇತ ಚಿತ್ರವಾಗಿಸಿ, ಬಳಿಕ ಆ ಚಿತ್ರವನ್ನು ಮಸುಕುಗೊಳಿಸಿದರೆ ಅಕ್ಷರಗಳೂ ಅದರೊಡನೆ ಸಹಗಮನ ಮಾಡುತ್ತವೆ; ಆದ್ದರಿಂದ ಪಾರದರ್ಶಕತೆಯನ್ನು ಆಕೃತಿಯ ಒಳಬಣ್ಣಕ್ಕೆ ಮಾತ್ರ ವಿಧಿಸಿ, ಹೆಸರನ್ನು ಬೇರೆಯೇ ಟೆಕ್ಸ್ಟ್ ಬಾಕ್ಸಿನಲ್ಲಿ ಬರೆದು, ಎಲ್ಲಕ್ಕಿಂತ ಮುಂದಕ್ಕೆ ತಂದು, ಗ್ರಾಫಿನೊಡನೆ ಗ್ರೂಪ್ ಮಾಡತಕ್ಕದ್ದು. ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಹೊಳಪಿನ ಅಂತರವನ್ನು ಅಂತರ್ಜಾಲದ ಸುಗಮ್ಯತಾ ಮಾನದಂಡಗಳು ಸಾಮಾನ್ಯ ಅಕ್ಷರಕ್ಕೆ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಎಂದು ನಿಗದಿಪಡಿಸಿವೆ. ಕಿಟಕಿಗೆ ಪರದೆಯಿಲ್ಲದ ಸಭಾಂಗಣದಲ್ಲಿ ರಾಯಚೂರು ಜಿಲ್ಲೆಯ ಏಪ್ರಿಲ್ ಬಿಸಿಲಿಗೆ ಈ ಅನುಪಾತ ಅನ್ವಯಿಸುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಅವತರಿಸುವುದರಿಂದ ಯೂನಿಕೋಡೇ ಗ್ರಾಹ್ಯ.

ಲಿಂಗಸುಗೂರಿನ ಕೊಡುಗೆ ಚಿಕ್ಕದಾದರೂ ಬೆಲೆಯುಳ್ಳದ್ದು. ಹಟ್ಟಿ ಚಿನ್ನದ ಗಣಿ ಈ ತಾಲ್ಲೂಕಿನಲ್ಲಿರುವುದರಿಂದ ಇಲ್ಲಿ ಹಳದಿ ಬಣ್ಣದ ಮೇಲೆ ಸಹಜ ವ್ಯಾಮೋಹ ಕಾಣುತ್ತದೆ, ಬಿಳಿಗೋಡೆಯ ಮೇಲೆ ಹಳದಿ ಕಾಣುವುದಿಲ್ಲ. ಅದಿರನ್ನು ಟನ್ನಿನಲ್ಲಿಯೂ ಅದರಿಂದ ಬರುವ ಚಿನ್ನವನ್ನು ಗ್ರಾಮಿನಲ್ಲಿಯೂ ಎಣಿಸುವ ಊರಿನಲ್ಲಿ ಅಳತೆಯ ಘಟಕವನ್ನು ಬರೆಯದೆ ಬಿಟ್ಟರೆ, ಒಂದೇ ಸ್ಲೈಡಿನಲ್ಲಿ ದೇಶದ ಸಾಲವೆಲ್ಲ ತೀರಿಹೋಗುವ ಅಪಾಯವಿದೆ.

ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವ ಮಸ್ಕಿಯಾದರೋ ಈ ಶಾಸ್ತ್ರದ ಮೂಲಪೀಠ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ಬಂಡೆಗಂಬಗಳಲ್ಲಿ ದೊರೆತದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಹೊರತು ದೊರೆಯ ಹೆಸರಲ್ಲ. ಬಿರುದಿನವನು ಯಾರೆಂದು ತಿಳಿಯಲು ವಿದ್ವಾಂಸರು ಸಿಂಹಳದ ಪಾಲಿ ವೃತ್ತಾಂತಗಳ ಮೊರೆಹೋಗಬೇಕಾಯಿತು. ಗ್ರಾಫಿನ ಬಣ್ಣಗಳ ಅರ್ಥವನ್ನು ಮೂಲೆಯ ಪೆಟ್ಟಿಗೆಯೊಂದರಲ್ಲಿ ಕೂಡಿಡುವ ಸೂಚಿ ಅಥವಾ ಲೆಜೆಂಡ್ ಎಂಬ ದುಷ್ಟಪದ್ಧತಿಯ ಅತಿ ದೊಡ್ಡ ಉದಾಹರಣೆ ಇದೇ: ನಕಾಶೆ ಜಂಬೂದ್ವೀಪದಷ್ಟು, ಸೂಚಿ ಕೆಳಮೂಲೆಯಲ್ಲಿ, ನಡುವೆ ಸಮುದ್ರ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನವನ್ನು ಪತ್ತೆಹಚ್ಚಿದಾಗ ಬಿರುದಿನ ಪಕ್ಕದಲ್ಲಿಯೇ ಅಶೋಕ ಎಂಬ ಹೆಸರು ಕಂಡಿತು. 78 ವರ್ಷಗಳ ಊಹೆಗೆ ಒಂದು ಲೇಬಲ್ಲು ತೆರೆ ಎಳೆಯಿತು. ಬಂಡೆಯು ಪಾರದರ್ಶಕವಲ್ಲವೆಂಬ ಆಕ್ಷೇಪವನ್ನು ಎತ್ತಬಹುದಾದರೂ, ಅಂಥವರು ಬಂಡೆಯನ್ನು ಪ್ರೊಜೆಕ್ಟರಿನಲ್ಲಿ ನೋಡಿಲ್ಲವೆಂದೇ ಉತ್ತರಿಸಬೇಕಾಗುತ್ತದೆ.

ಆದ್ದರಿಂದ ಹೆಸರನ್ನೂ ಘಟಕವನ್ನೂ ಹೊರದ ಗ್ರಾಫನ್ನು ಯಾರೂ ಮುಂದಿನ ತ್ರೈಮಾಸಿಕ ಸಭೆಗೆ ತರಬಾರದೆಂದೂ, ತಂದಲ್ಲಿ ತಂದವರೇ ಸಭೆ ಮುಗಿಯುವವರೆಗೆ ಪರದೆಯ ಪಕ್ಕದಲ್ಲಿ ಕೋಲು ಹಿಡಿದು ನಿಂತು ಬಣ್ಣಬಣ್ಣಕ್ಕೂ ಹೆಸರು ಹೇಳತಕ್ಕದ್ದೆಂದೂ ಮೂರೂ ತಾಲ್ಲೂಕುಗಳ ಸ್ಲೈಡುಕಾರರಲ್ಲಿ ವಿನಂತಿ.