ಶೇ. 75 ಹಾಜರಾತಿ, ಶೇ. 100 ಉಪದೇಶ

ಪಿಯುಸಿ ಮುಗಿಸಿ, ಡಿಗ್ರಿಗೆಂದು ಊರಿಂದ ಬಂದಿಳಿದ ಹುಡುಗನಿಗೆ ಬೆಂಗಳೂರಿನ ಶಂಕರಪುರಂನಲ್ಲಿ ಬಿಟ್ಟಿ ಸಿಗುವುದು ಒಂದೇ: ಬುದ್ಧಿವಾದ. ಇಲ್ಲಿನ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಚಟ್ನಿ ಎಷ್ಟು ಸಲ ಕೇಳಿದರೂ ಹಾಕುತ್ತಾರೆ, ಸಾಂಬಾರ್ ಮಾತ್ರ ಇಲ್ಲ. ಕಾಲೇಜಿನ ಮೊದಲ ದಿನದ ಓರಿಯೆಂಟೇಷನ್ನೂ ಹಾಗೇ. ಉಪದೇಶ ಧಾರಾಳ, ಉಳಿದದ್ದು ಕೇಳಬೇಡಿ.

ಟೈ ಬಿಗಿದ ಮೋಟಿವೇಷನ್ ಭಾಷಣಕಾರರು ಬರುತ್ತಾರೆ. ಬೆಳಗ್ಗೆ ಐದಕ್ಕೆ ಏಳಿ, ಮೊಬೈಲ್ ದೂರವಿಡಿ, ದೊಡ್ಡ ಕನಸು ಕಾಣಿ. ಕೊನೆಯ ಸ್ಲೈಡಿನಲ್ಲಿ ಒಂದು ಹದ್ದು ಹಾರುತ್ತದೆ. ಹಿಂದಿನ ಬೆಂಚಿನ ಹುಡುಗನ ಚಿಂತೆ ಹದ್ದಿನದಲ್ಲ, ಪಿ.ಜಿ. ಅಡ್ವಾನ್ಸಿನದು. ರಾತ್ರಿ ಒಂದರವರೆಗೆ ಕಂಡವರ ಬಿರಿಯಾನಿ ಹೊತ್ತು ಮನೆಮನೆಗೆ ಮುಟ್ಟಿಸಿ ಬಂದವನು ಅವನು. ಒಂಬತ್ತರ ಕ್ಲಾಸಿನಲ್ಲಿ ತೂಕಡಿಸಿದರೆ ಅವನಿಗೆ ‘ಟೈಮ್ ಮ್ಯಾನೇಜ್‌ಮೆಂಟ್’ ಬರುವುದಿಲ್ಲ ಎಂದರ್ಥ! ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಇಂಗ್ಲಿಷಿನ ಅಕೌಂಟೆನ್ಸಿ ಮುಂದೆ ಬಾಯಿ ಕಟ್ಟಿ ಕೂತರೆ ‘ಕಾನ್ಫಿಡೆನ್ಸ್’ ಇಲ್ಲ. ಎಲ್ಲ ಕಾಯಿಲೆಯೂ ಅವನದೇ. ಕಾಲೇಜು ತಣ್ಣಗಿದೆ.

ಗುರಿ ಸ್ಪಷ್ಟವಾಗಿರಲಿ ಎಂಬುದು ಇನ್ನೊಂದು ಆಣಿಮುತ್ತು. 2021ರಲ್ಲಿ ಡಿಗ್ರಿ ನಾಲ್ಕು ವರ್ಷದ್ದೆಂದು ಹೇಳಿ, 2024ರಲ್ಲಿ ಮತ್ತೆ ಮೂರೇ ಎಂದ ಸರ್ಕಾರಕ್ಕೆ ಮಾತ್ರ ಈ ನಿಯಮ ಅನ್ವಯಿಸದು. ಶೇ. 75 ಹಾಜರಾತಿಯೂ ಹುಡುಗರಿಗೇ ಮೀಸಲು. 2023ರ ಕೊನೆಗೆ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ‘ನಮ್ಮನ್ನು ಕಾಯಂ ಮಾಡಿ’ ಎಂದು ತರಗತಿ ಬಿಟ್ಟು ಬೀದಿಗಿಳಿದರಲ್ಲ, ಆಗ ಶಾರ್ಟೇಜ್ ಬಿದ್ದದ್ದು ಯಾರಿಗೆ? ವರ್ಷಗಟ್ಟಲೆ ಅತಿಥಿಗಳನ್ನೇ ನೆಚ್ಚಿಕೊಂಡ ಮನೆಯಲ್ಲಿ ಯಜಮಾನ ಎಲ್ಲಿದ್ದಾನೆಂದು ಯಾರೂ ಹಾಜರಿ ಕರೆಯಲಿಲ್ಲ.

ಇನ್ನು ನಮ್ಮ ಹಿರಿಯರು. ‘ಬೀದಿದೀಪದ ಕೆಳಗೆ ಓದಿದೆವಪ್ಪಾ’ ಎನ್ನುತ್ತಾರೆ. ದೀಪ ನೆನಪಿದೆ, ಅನ್ನ ಇಕ್ಕಿದವರು ಮರೆತುಹೋಗಿದ್ದಾರೆ. ವಾರಾನ್ನವೆಂಬುದಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರ ಕಳೆದರೆ ಸೆಕೆಂಡ್ ಕ್ಲಾಸೋ ಥರ್ಡ್ ಕ್ಲಾಸೋ ಹುಡುಗ ದಡ ಸೇರುತ್ತಿದ್ದ. ಜಾತಿ ಕೇಳಿಯೇ ಎಲೆ ಹಾಕುತ್ತಿದ್ದರು, ಅದನ್ನೂ ಮುಚ್ಚಿಡುವುದು ಬೇಡ. ಉಳಿದವರಿಗೆ ಮಠವೋ ಜನಾಂಗದ ಹಾಸ್ಟೆಲ್ಲೋ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಊರಿನ ಬಸ್ಸು. ಈಗ ಜಾತಿ ಕೇಳುವ ಗೋಜಿಲ್ಲ. ಒಂದು ರೂಮಿಗೆ ಮೂರು ಮಂಚ ಹಾಕಿ ಬಾಡಿಗೆ ಕೇಳುತ್ತಾರೆ.

ಪಕ್ಕದ ಬಸವನಗುಡಿಯ ನ್ಯಾಷನಲ್ ಕಾಲೇಜು ಹೊಸಬರಿಗೆ ಮೆಟ್ರೊ ನಿಲ್ದಾಣವಾಗಿ ಗೊತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದೇ ಬಂದ ಎಚ್. ನರಸಿಂಹಯ್ಯನವರು ಅಲ್ಲಿ ಪ್ರಿನ್ಸಿಪಾಲರಾದರು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಅವರ ಮನೆಯೆಂದರೆ ಕಾಲೇಜಿನ ಹಾಸ್ಟೆಲ್ಲಿನ ಕೋಣೆ. ಹುಡುಗರ ನಡುವೆಯೇ ಇರುವವರಿಗೆ ಯಾರು ಊಟಕ್ಕೆ ಬರಲಿಲ್ಲ ಎಂದು ತಿಳಿಯಲು ಆ್ಯಪ್ ಬೇಕಿಲ್ಲ. ಈಗಿನ ಕಾಲೇಜುಗಳಲ್ಲಿ ಅದಕ್ಕೆ ‘ಮೆಂಟರ್–ಮೆಂಟೀ’ ರಿಜಿಸ್ಟರ್ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಪರಿಶೀಲನೆಗೆ ಹಿಂದಿನ ವಾರ ಅದು ಕಪಾಟಿನಿಂದ ಇಳಿಯುತ್ತದೆ. ಇಡೀ ವರ್ಷದ ಆಪ್ತ ಸಮಾಲೋಚನೆ ಒಂದೇ ಪೆನ್ನಿನಲ್ಲಿ, ಒಂದೇ ಮಧ್ಯಾಹ್ನ ನಡೆದುಹೋಗುತ್ತದೆ. ಅದರೊಳಗೆ ದಸರಾ ರಜೆಗೆಂದು ಊರಿಗೆ ಹೋಗಿ ವಾಪಸ್ ಬಾರದ ಹುಡುಗನೂ ಸಹಿ ಹಾಕಿರುತ್ತಾನೆ.

ಆದ್ದರಿಂದ ಪ್ರಿನ್ಸಿಪಾಲರೇ, ಈ ವರ್ಷ ಹದ್ದಿನ ಭಾಷಣಕಾರರಿಗೆ ಕೊಡುವ ಕವರನ್ನು ನಾಲ್ಕು ಹುಡುಗರ ಪರೀಕ್ಷಾ ಶುಲ್ಕಕ್ಕೆ ಜಮಾ ಮಾಡಿಬಿಡಿ. ಪಿ.ಜಿ. ಯಜಮಾನರೇ, ಸ್ಕಾಲರ್‌ಶಿಪ್ ಬರುವವರೆಗೆ ಬಾಡಿಗೆಗೆ ಒಂದು ತಿಂಗಳ ವಾಯಿದೆ ಕೊಡಿ. ಬುದ್ಧಿವಾದವೆಲ್ಲ ಆಮೇಲೆ ಹೇಳಿದರಾಯಿತು, ಕೇಳಿಸಿಕೊಳ್ಳಲು ಹುಡುಗ ಇಲ್ಲೇ ಇರುತ್ತಾನೆ.